ಬೀಟ್‌ರೂಟ್ ಫ್ಯಾಕ್ಟರಿ ಕಥೆ ಎಲ್ಲರಿಗೂ ಗೊತ್ತು, ರಿಕಿ ಲ್ಯಾಂಬರ್ಟ್‌ನ ನಡುವಿನ ಎಂಟು ವರ್ಷದ ಬಗ್ಗೆ ಮಾತಾಡೋಣ

ಒಂಬತ್ತು ನಂಬರ್ (ಶಿವಮೊಗ್ಗ)

ಇಂಗ್ಲೆಂಡಿನ ಫುಟ್‌ಬಾಲ್ ಸ್ಟ್ರೈಕರ್ ರಿಕಿ ಲ್ಯಾಂಬರ್ಟ್ ಹೆಸರು ಬಂದರೆ ಎಲ್ಲರೂ ಹೇಳುವುದು ಒಂದೇ ಕಥೆ. 2000ನೇ ಇಸವಿಯಲ್ಲಿ ಬ್ಲ್ಯಾಕ್‌ಪೂಲ್ ಕ್ಲಬ್ ಅವನನ್ನು ಕೈಬಿಟ್ಟಿತು. ಆಗ ವಯಸ್ಸು 18. ಹೊಟ್ಟೆಪಾಡಿಗೆ ಬೀಟ್‌ರೂಟ್ ಫ್ಯಾಕ್ಟರಿಯಲ್ಲಿ ಬಾಟಲಿಗಳಿಗೆ ಮುಚ್ಚಳ ತಿರುಗಿಸಿದ, ದಿನಕ್ಕೆ 20 ಪೌಂಡ್. ಆಮೇಲೆ 2013ರ ಆಗಸ್ಟ್‌ನಲ್ಲಿ, 31ನೇ ವಯಸ್ಸಿನಲ್ಲಿ, ಇಂಗ್ಲೆಂಡ್ ಅಂಗಿ ಹಾಕಿ ವೆಂಬ್ಲಿಯಲ್ಲಿ ಸ್ಕಾಟ್‌ಲೆಂಡ್ ಮೇಲೆ ಮೊದಲ ಟಚ್‌ನಲ್ಲೇ ಗೋಲು ಹೊಡೆದ. ನಮ್ಮಲ್ಲಿ ಆಗ ಆಗಸ್ಟ್ 15ರ ಬೆಳಗಿನ ಜಾವ, ಎರಡು ಗಂಟೆ ಹತ್ತಿರ. ರೂನಿ ಹೊರಗೆ ಬಂದ, ಇವನು ಒಳಗೆ ಹೋದ. ಬೇನ್ಸ್ ಹೊಡೆದ ಕಾರ್ನರ್, ಲ್ಯಾಂಬರ್ಟ್ ಹೆಡ್ಡರ್, 3-2. ನಿದ್ದೆಗೆಟ್ಟು ನೋಡಿದವರಿಗೆ ಇನ್ನೂ ನೆನಪಿರುತ್ತದೆ.

ಒಳ್ಳೆಯ ಕಥೆ. ನಿಜವಾದ ಕಥೆಯೂ ಹೌದು. ಆದರೆ ಹೇಳುವವರು ಫ್ಯಾಕ್ಟರಿಯಿಂದ ಸೀದಾ ವೆಂಬ್ಲಿಗೆ ಬಂದುಬಿಡುತ್ತಾರೆ. ನನಗೆ ಬೇಕಿರುವುದು ನಡುವಿನ ಭಾಗ. 2001ರಲ್ಲಿ ಮ್ಯಾಕಲ್ಸ್‌ಫೀಲ್ಡ್. 2002ರಲ್ಲಿ ಸ್ಟಾಕ್‌ಪೋರ್ಟ್ ಕೌಂಟಿ. 2005ರಲ್ಲಿ ರಾಚ್‌ಡೇಲ್. 2006ರಲ್ಲಿ ಬ್ರಿಸ್ಟಲ್ ರೋವರ್ಸ್. ಎಲ್ಲವೂ ಮೂರನೇ, ನಾಲ್ಕನೇ ದರ್ಜೆಯ ಆಟ. ಈ ನಾಲ್ಕು ಕ್ಲಬ್‌ಗಳಿಗೆ ಲೀಗ್‌ನಲ್ಲಿ ಮಾತ್ರ 300ಕ್ಕೂ ಜಾಸ್ತಿ ಪಂದ್ಯ ಆಡಿದ, 100ಕ್ಕೂ ಜಾಸ್ತಿ ಗೋಲು ಹೊಡೆದ. ಆಗ ಅವನನ್ನು ದೊಡ್ಡ ಕ್ಲಬ್‌ನವರು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ಲ್ಯಾಂಬರ್ಟ್ ಜಾಣ ಆಟಗಾರನಾಗಿ ತಯಾರಾಗಿದ್ದು ಅಲ್ಲೇ.

ಇದನ್ನು ಇಲ್ಲಿ ಎತ್ತುವುದಕ್ಕೆ ಕಾರಣ ಇದೆ. ರಜೆ ದಿನಗಳಲ್ಲಿ ಇಲ್ಲಿ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬ ಎತ್ತರದ ಹುಡುಗ ಇದ್ದಾನೆ, ಪಿಯುಸಿ ಓದುತ್ತಿದ್ದಾನೆ. ಚೆಂಡು ಬಂದರೆ ಅವನ ಕಾಲ ಬುಡದಲ್ಲೇ ನಿಲ್ಲುತ್ತದೆ. ತಲೆ ಎತ್ತಿ ನೋಡಿ ಪಾಸ್ ಕೊಡುತ್ತಾನೆ. ಆದರೆ ಟೂರ್ನಮೆಂಟಿಗೆ ಕರೆದುಕೊಂಡು ಹೋದ ತಂಡದವರೆಲ್ಲ ಅವನಿಗೆ ಹೇಳುವುದು ಒಂದೇ: ‘ನೀನು ಮುಂದೆ ನಿಂತ್ಕೋ, ತಲೆ ಕೊಡು ಸಾಕು.’ ಹಿಂದೆ ಬಂದು ಚೆಂಡು ಕೇಳಿದರೆ ಬೈಗುಳ. ಪರೀಕ್ಷೆ ಮುಗಿದ ಮೇಲೆ ಆಟ ಬಿಡುತ್ತೇನೆ ಅನ್ನುತ್ತಿದ್ದಾನೆ. ಅವನಿಗೆ ಏನು ಹೇಳಬೇಕು ಅಂತ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ. ‘ಕಷ್ಟಪಟ್ಟರೆ ಫಲ ಇದೆ’ ಅಂತ ಮಾತ್ರ ಹೇಳಬೇಡಿ. ಅದನ್ನು ಅವನು ಬೇಕಾದಷ್ಟು ಕೇಳಿದ್ದಾನೆ.

ಭದ್ರಾವತಿ ಬ್ಯಾಕ್

ಅಣ್ಣಾ, ಲ್ಯಾಂಬರ್ಟ್ ನನಗೂ ಇಷ್ಟ. ಆದರೆ ಜಾಣ ಆಟಗಾರ ಅಂತ ಹೇಳುವುದು ಜಾಸ್ತಿ ಆಯಿತು ಅಲ್ವಾ? ಆರಡಿ ಎರಡಂಗುಲದ ಆಳು. ಬಾಕ್ಸ್ ಒಳಗೆ ನಿಲ್ಲುತ್ತಾನೆ, ಚೆಂಡು ಎತ್ತಿ ಹಾಕುತ್ತಾರೆ, ತಲೆಯಲ್ಲಿ ಹೊಡೆಯುತ್ತಾನೆ. ಇಂಗ್ಲೆಂಡಿನ ಕೆಳ ದರ್ಜೆಯಲ್ಲಿ ಅಂಥವರು ಊರಿಗೆ ಹತ್ತು ಜನ. ನಮ್ಮ ಕಡೆ ಫ್ಯಾಕ್ಟರಿ ಮೈದಾನದಲ್ಲಿ ಆಡುವಾಗ ನಾನು ಬ್ಯಾಕ್. ಅಂಥ ಫಾರ್ವರ್ಡ್‌ಗಳನ್ನು ಎಷ್ಟೋ ನೋಡಿದ್ದೇನೆ. ಮೈಗೆ ಮೈ ಕೊಟ್ಟು ನಿಂತರೆ ಅರ್ಧ ಕೆಲಸ ಮುಗಿಯಿತು.

ಅವನು ಮೇಲೆ ಬಂದಿದ್ದು ಸೌತಾಂಪ್ಟನ್ ಕ್ಲಬ್ಬಿನ ದುಡ್ಡಿನಿಂದ ಅಂತ ನನ್ನ ಅನಿಸಿಕೆ. 2009ರಲ್ಲಿ ಲೀಬ್‌ಹೆರ್ ಅನ್ನುವ ಉದ್ಯಮಿ ಕೊಂಡುಕೊಂಡ ಮೇಲೆ ಕ್ಲಬ್ ಮೇಲೆ ಬಂತು, ಜೊತೆಗೆ ಇವನೂ ಬಂದ.

ಒಂಬತ್ತು ನಂಬರ್ (ಶಿವಮೊಗ್ಗ)

ತಮ್ಮಾ, ನೀನು ಹೇಳಿದ್ದನ್ನೇ ಇಂಗ್ಲೆಂಡಿನವರೂ ಎಂಟು ವರ್ಷ ಹೇಳಿಕೊಂಡು ಬಂದರು. ದೊಡ್ಡ ಆಳು, ನಿಧಾನ, ಕೆಳ ದರ್ಜೆಗೆ ಸರಿ ಅಂತ. ಅವನ ಆಟವನ್ನು ಒಂದು ಪಂದ್ಯ ಪೂರ್ತಿ ನೋಡು. ಗೋಲುಗಳ ತುಣುಕು ನೋಡಿದರೆ ಗೊತ್ತಾಗುವುದಿಲ್ಲ.

ಅವನು ಹುಟ್ಟು ಸ್ಟ್ರೈಕರ್ ಅಲ್ಲ. ಶುರುವಿನಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದವನು. ಪೂರ್ತಿ ಸ್ಟ್ರೈಕರ್ ಆಗಿದ್ದು ಆಮೇಲೆ. ಅದಕ್ಕೇ ಚೆಂಡು ಕೇಳುವಾಗ ಅವನು ಡಿಫೆಂಡರ್‌ನ ಹತ್ತಿರ ನಿಲ್ಲುತ್ತಿರಲಿಲ್ಲ. ಹತ್ತು ಹದಿನೈದು ಗಜ ಕೆಳಗೆ ಇಳಿದು ಬರುತ್ತಿದ್ದ. ಬ್ಯಾಕ್‌ಗೆ ಆಗ ಪೇಚು. ನೀನೂ ಬ್ಯಾಕ್ ಅಲ್ವಾ, ಹೇಳು ನೋಡೋಣ. ಅವನ ಹಿಂದೆ ಹೋದರೆ ನಿನ್ನ ಬೆನ್ನ ಹಿಂದೆ ಜಾಗ ಖಾಲಿ. ಹೋಗದೆ ನಿಂತರೆ ಅವನು ಆರಾಮಾಗಿ ತಿರುಗಿ ನಿಲ್ಲುತ್ತಾನೆ. ತಿರುಗಿ ನಿಂತರೆ ಪಾಸ್ ಗ್ಯಾರಂಟಿ. ಸೌತಾಂಪ್ಟನ್‌ನಲ್ಲಿ ಲಲಾನಾ ಓಡುತ್ತಿದ್ದ ಜಾಗ, ಆಮೇಲೆ ಜೇ ರೊಡ್ರಿಗೇಜ್ ಓಡುತ್ತಿದ್ದ ಜಾಗ, ಬಹಳ ಸಲ ಇವನು ಹೀಗೆ ಖಾಲಿ ಮಾಡಿಸಿಕೊಟ್ಟಿದ್ದು.

ಇನ್ನು ಮೊದಲ ಟಚ್. ಎತ್ತಿ ಹಾಕಿದ ಚೆಂಡನ್ನು ಎದೆಯ ಮೇಲೆ ತೆಗೆದುಕೊಂಡು, ಡಿಫೆಂಡರ್ ಯಾವ ಕಡೆ ಒತ್ತುತ್ತಿದ್ದಾನೋ ಅದರ ಎದುರು ಕಡೆಗೆ ಇಳಿಸುತ್ತಿದ್ದ. ಮೈ ಚೆಂಡಿಗೂ ಎದುರಾಳಿಗೂ ನಡುವೆ. ಇದರಲ್ಲಿ ಬಲಕ್ಕಿಂತ ಸಮಯ ಮುಖ್ಯ. ಅರ್ಧ ಸೆಕೆಂಡ್ ಮೊದಲೇ ಎಲ್ಲಿ ಇಳಿಸಬೇಕು ಅಂತ ಗೊತ್ತಿರಬೇಕು.

ಫ್ರೀ ಕಿಕ್ ಹೇಳದಿದ್ದರೆ ಹೇಗೆ? ಇಂಗ್ಲೆಂಡಿನ ಎಲ್ಲ ದರ್ಜೆಯ ಕ್ಲಬ್‌ಗಳೂ ಆಡುವ ಎಫ್‌ಎ ಕಪ್‌ನ 2008ರ ಐದನೇ ಸುತ್ತಿನಲ್ಲಿ ಬ್ರಿಸ್ಟಲ್ ರೋವರ್ಸ್ 1-0 ಗೆದ್ದಿತು. ಗೋಲು ಲ್ಯಾಂಬರ್ಟ್‌ನ ಫ್ರೀ ಕಿಕ್. ಸೋತ ತಂಡ ಇದೇ ಸೌತಾಂಪ್ಟನ್! ಮುಂದಿನ ವರ್ಷ ಅವರೇ 10 ಲಕ್ಷ ಪೌಂಡ್ ಮೇಲೆ ಕೊಟ್ಟು ಅವನನ್ನು ಕರೆದುಕೊಂಡರು. ಅದಕ್ಕೂ ಮೊದಲಿನ 2008-09ರ ಸೀಸನ್‌ನಲ್ಲಿ ರೋವರ್ಸ್ ಪರ ಅವನು ಮೂರನೇ ದರ್ಜೆಯಲ್ಲಿ 29 ಲೀಗ್ ಗೋಲು ಹೊಡೆದು, ಸೈಮನ್ ಕಾಕ್ಸ್ ಜೊತೆ ಮೊದಲ ಸ್ಥಾನದಲ್ಲಿದ್ದ. ದುಡ್ಡು ಬರುವ ಮೊದಲೇ ಆಟ ಇತ್ತು.

ತೀರ್ಥಹಳ್ಳಿ ಗೋಲಿ

ಗೋಲ್‌ಕೀಪರ್ ಆಗಿ ನಾನೊಂದು ಮಾತು ಹೇಳುತ್ತೇನೆ ಮಾರಾಯ್ರೆ. ಸೌತಾಂಪ್ಟನ್ ಪರ ಲ್ಯಾಂಬರ್ಟ್ 34 ಪೆನಾಲ್ಟಿ ಹೊಡೆದ, 34ಕ್ಕೆ 34 ಗೋಲು. ಒಂದೂ ತಪ್ಪಲಿಲ್ಲ. ಇದನ್ನು ಸುಮ್ನೆ ಅದೃಷ್ಟ ಅನ್ನಬೇಡಿ. ಪೆನಾಲ್ಟಿಯಲ್ಲಿ ಕೀಪರ್ ನಂಬುವುದು ಒಂದನ್ನೇ: ಹೊಡೆಯುವವನು ಕೊನೆಯ ಗಳಿಗೆಯಲ್ಲಿ ಅಳುಕುತ್ತಾನೆ ಅಂತ. ಆಗ ಚೆಂಡು ನಿಧಾನ ಬರುತ್ತದೆ, ಇಲ್ಲವೇ ನಡುವೆ ಬರುತ್ತದೆ. ಇವನು ಅಳುಕುತ್ತಿರಲಿಲ್ಲ. ಜೋರಾಗಿ ಹೊಡೆಯುತ್ತಿದ್ದ. ಸರಿಯಾದ ಕಡೆಗೇ ಹಾರಿದರೂ ಕೈ ತಲುಪುವ ಮೊದಲು ಚೆಂಡು ಬಲೆಯಲ್ಲಿ.

ಇನ್ನು ನಿಮ್ಮ ಹುಡುಗನ ವಿಷಯ. ತಂಡದವರು ಅವನನ್ನು ಮುಂದೆ ನಿಲ್ಲಿಸುವುದಕ್ಕೆ ನಮ್ಮ ಮಳೆಯೂ ಕಾರಣ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಇಲ್ಲಿ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಹತ್ತುವುದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕ್ರಿಕೆಟ್ ಪಿಚ್ ನೀರಲ್ಲಿ ಮುಳುಗಿರುತ್ತದೆ, ಬೇರೆ ಆಟ ಇಲ್ಲ. ಕೆಸರಲ್ಲಿ ನೆಲದ ಪಾಸ್ ಎರಡು ಗಜ ಹೋಗಿ ನಿಂತುಬಿಡುತ್ತದೆ. ಹಾಗಾಗಿ ಎಲ್ಲರೂ ಎತ್ತಿ ಒದೆಯುವುದನ್ನೇ ಕಲಿಯುತ್ತಾರೆ. ಮಳೆ ನಿಂತು ನೆಲ ಗಟ್ಟಿಯಾಗುವ ಹೊತ್ತಿಗೆ ಗೋಲ್ ಪೋಸ್ಟ್ ಕಿತ್ತು ಪಕ್ಕಕ್ಕೆ ಇಟ್ಟಿರುತ್ತಾರೆ, ಬ್ಯಾಟು ಬಂದಿರುತ್ತದೆ. ಪಾಸ್ ಮಾಡಲು ಸರಿಯಾದ ನೆಲ ಸಿಗುವ ತಿಂಗಳುಗಳಲ್ಲಿ ಫುಟ್‌ಬಾಲೇ ಇಲ್ಲ.

ಸಾಗರದಕ್ಕ

ನಾನು ಆಡಿದವಳಲ್ಲ. ನನ್ನ ಮಗ ಆಡುತ್ತಿದ್ದ. ಪಿಯುಸಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ, ಬೂಟು ಮನೆಯಲ್ಲೇ ಇದೆ. ಅದಕ್ಕೇ ಈ ಚರ್ಚೆ ಓದುತ್ತಾ ಕೂತೆ.

ನನ್ನ ಪ್ರಶ್ನೆ ಸರಳ. ಈ ಲ್ಯಾಂಬರ್ಟ್‌ಗೆ ಆ ಎಂಟು ವರ್ಷ ಊಟಕ್ಕೆ ಯಾರು ಕೊಟ್ಟರು? ನಾಲ್ಕನೇ ದರ್ಜೆ ಅಂದರೆ ನಮ್ಮ ಕಡೆ ತಾಲ್ಲೂಕು ತಂಡ ಇದ್ದ ಹಾಗೆ ಅಂದುಕೊಂಡಿದ್ದೇನೆ. ಅಲ್ಲಿ ಸಂಬಳ ಇತ್ತಾ? ಮನೆಯವರು ಏನು ಅನ್ನುತ್ತಿದ್ದರು? ತಾಯಂದಿರು ಕೇಳುವುದು ಮೊದಲು ಇದನ್ನೇ.

ಒಂಬತ್ತು ನಂಬರ್ (ಶಿವಮೊಗ್ಗ)

ಅಕ್ಕಾ, ಇಷ್ಟು ಹೊತ್ತು ಯಾರೂ ಕೇಳದ ಪ್ರಶ್ನೆ ಕೇಳಿದಿರಿ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ದರ್ಜೆಗಳಲ್ಲಿ 92 ಕ್ಲಬ್ ಇವೆ. ಪ್ರೀಮಿಯರ್ ಲೀಗ್‌ನಲ್ಲಿ 20, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲಿ 24. ನಾಲ್ಕನೇ ದರ್ಜೆಯವರೂ ಸಂಬಳಕ್ಕೆ ಆಡುವವರೇ. ಪ್ರೀಮಿಯರ್ ಲೀಗ್‌ನ ದುಡ್ಡಿಗೆ ಹೋಲಿಸುವ ಹಾಗಿಲ್ಲ, ಆದರೆ ಅದು ಉದ್ಯೋಗ. ಒಂದು ಸೀಸನ್‌ಗೆ 46 ಲೀಗ್ ಪಂದ್ಯ. ಗೆದ್ದರೂ 46, ಸೋತರೂ 46. ಆಗಸ್ಟ್‌ನಿಂದ ಮೇವರೆಗೆ ವಾರ ವಾರ ಆಟ. ಮೇಲಿನ ಸ್ಥಾನದಲ್ಲಿರುವವರು ಮುಂದಿನ ದರ್ಜೆಗೆ ಏರುತ್ತಾರೆ, ಕೆಳಗಿನವರು ಇಳಿಯುತ್ತಾರೆ.

ಕ್ಲಬ್‌ಗೂ ಇದರಲ್ಲಿ ಲಾಭ ಇದೆ. ಮ್ಯಾಕಲ್ಸ್‌ಫೀಲ್ಡ್‌ನವರು ಅವನನ್ನು ಬರೀ ಒಂದು ಸೀಸನ್ ಆಡಿಸಿ ಸ್ಟಾಕ್‌ಪೋರ್ಟ್‌ಗೆ 3 ಲಕ್ಷ ಪೌಂಡ್‌ಗೆ ಮಾರಿದರು. ಆ ಪುಟ್ಟ ಕ್ಲಬ್‌ಗೆ ಅದು ದಾಖಲೆ. ರಾಚ್‌ಡೇಲ್‌ನವರು ಬ್ರಿಸ್ಟಲ್ ರೋವರ್ಸ್‌ಗೆ 2 ಲಕ್ಷಕ್ಕೆ ಕೊಟ್ಟರು. ಹಾಗಾಗಿ ಒಬ್ಬ ಹುಡುಗನನ್ನು ತಿದ್ದಿ ಬೆಳೆಸಿದರೆ ಕ್ಲಬ್‌ನ ಖಜಾನೆಗೂ ಬರುತ್ತದೆ. ನಮ್ಮಲ್ಲಿ ಹುಡುಗನನ್ನು ಬೆಳೆಸಿದ ತಂಡಕ್ಕೆ ಕೊನೆಗೆ ಸಿಗುವುದು ಒಂದು ಫೋಟೋ.

ನಡುವಿನ ವರ್ಷಗಳು ಚೆನ್ನಾಗಿಯೇ ಇದ್ದವು ಅಂತ ತಿಳಿಯಬೇಡಿ. ಸ್ಟಾಕ್‌ಪೋರ್ಟ್‌ನಲ್ಲಿ 98 ಲೀಗ್ ಪಂದ್ಯಕ್ಕೆ 18 ಗೋಲು. ಸ್ಟ್ರೈಕರ್‌ಗೆ ಅದು ಹೇಳಿಕೊಳ್ಳುವ ಲೆಕ್ಕ ಅಲ್ಲ. ಅಲ್ಲಿಂದ ಒಂದು ದರ್ಜೆ ಕೆಳಗೆ ಇಳಿದು ರಾಚ್‌ಡೇಲ್‌ಗೆ ಹೋದ. ಹಾಗೆ ಇಳಿದದ್ದೇ ಒಳ್ಳೆಯದಾಯಿತು. 2005-06ರಲ್ಲಿ 22 ಲೀಗ್ ಗೋಲು. ಅಲ್ಲಿ ಅವನ ಜೊತೆಗಾರ ಗ್ರಾಂಟ್ ಹೋಲ್ಟ್. ಇದೇ ಹೋಲ್ಟ್ ಮುಂದೆ 2011-12ರಲ್ಲಿ ನಾರ್ವಿಚ್ ಪರ ಪ್ರೀಮಿಯರ್ ಲೀಗ್‌ನಲ್ಲಿ 15 ಗೋಲು ಹೊಡೆದ. ಅದರ ಮರು ವರ್ಷ ಲ್ಯಾಂಬರ್ಟ್ ಸೌತಾಂಪ್ಟನ್ ಪರ ಅಲ್ಲೇ 15 ಹೊಡೆದ. ನಾಲ್ಕನೇ ದರ್ಜೆಯ ಒಂದೇ ತಂಡದ ಇಬ್ಬರು ಫಾರ್ವರ್ಡ್‌ಗಳು! ಆ ರಾಚ್‌ಡೇಲ್ ತಂಡ ಆ ವರ್ಷ ಮೇಲಿನ ದರ್ಜೆಗೂ ಏರಲಿಲ್ಲ. ಆದರೂ ಇಬ್ಬರೂ ಕಳೆದುಹೋಗಲಿಲ್ಲ. ಮುಂದಿನ ವಾರ ಮತ್ತೆ ಪಂದ್ಯ ಇತ್ತಲ್ಲ, ಅದಕ್ಕೆ.

ಬೆಂಗಳೂರು ಮಲ್ನಾಡಿಗ

ಹೀಗೆ ದರ್ಜೆಯಿಂದ ದರ್ಜೆಗೆ ಏರುವ ಏಣಿ ಬೆಂಗಳೂರಲ್ಲಿ ಇಲ್ಲ ಅನ್ನುವ ಹಾಗಿಲ್ಲ. ಜಿಲ್ಲಾ ಲೀಗ್‌ನಲ್ಲಿ ಸಿ, ಬಿ, ಎ ಡಿವಿಷನ್, ಮೇಲೆ ಸೂಪರ್ ಡಿವಿಷನ್. ಎಸ್‌ಸಿ ಬೆಂಗಳೂರು 2023-24ರಲ್ಲಿ ದೇಶದ ಮೂರನೇ ದರ್ಜೆಯ ಲೀಗ್ ಐ-ಲೀಗ್ 2 ಗೆದ್ದು ಮೇಲಕ್ಕೆ ಹೋಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ರಾಜ್ಯ ಅಂತ ಗೆದ್ದ ಮೇಲೆ 54 ವರ್ಷ ಕಾದಿದ್ದು. ಆ ಗೆಲುವಿನ ಹಿಂದೆ ಇರುವುದು ಬೆಂಗಳೂರಿನ ಲೀಗೇ.

ಆದರೆ ಏಣಿ ಇರುವುದು ಬೆಂಗಳೂರಲ್ಲಿ ಮಾತ್ರ. ಶಿವಮೊಗ್ಗದ ಹುಡುಗ ಮೊದಲ ಮೆಟ್ಟಿಲು ಹತ್ತಬೇಕಾದರೆ ಮೊದಲು ಬೆಂಗಳೂರಲ್ಲಿ ರೂಮು ಮಾಡಬೇಕು. ಬಾಡಿಗೆ, ಊಟ, ಮೈದಾನಕ್ಕೆ ಓಡಾಟ. ಸಿ ಡಿವಿಷನ್ ಆಟದಿಂದ ಅದು ಹುಟ್ಟುವುದಿಲ್ಲ. ಹಗಲು ಕೆಲಸ ಮಾಡಿ ಬೆಳಿಗ್ಗೆ ಪ್ರಾಕ್ಟೀಸ್ ಮಾಡುವ ಹುಡುಗರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಹಳ ಜನಕ್ಕೆ ಎರಡನೇ ಸೀಸನ್ ಮುಟ್ಟುವುದಕ್ಕೇ ಆಗುವುದಿಲ್ಲ.

ಮೇಲಿನ ಕಥೆಯೂ ಹಾಗೇ. ಈಗ ದೇಶದ ಮೇಲಿನ ದರ್ಜೆಯ ಲೀಗ್ ಆಗಿರುವ ಐಎಸ್‌ಎಲ್ 2014ರಲ್ಲಿ ಶುರುವಾಯಿತು. ಕೆಳಗಿನ ಲೀಗ್ ಗೆದ್ದು ಅಲ್ಲಿಗೆ ಏರಿದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ಮೊದಲ ಹತ್ತು ವರ್ಷ ಅಲ್ಲಿಂದ ಯಾರೂ ಕೆಳಗೆ ಇಳಿಯುವ ಪದ್ಧತಿಯೇ ಇರಲಿಲ್ಲ. ಇಳಿಯುವ ಭಯ ಇಲ್ಲದ ಕಡೆ ಕೆಳಗಿನ ಹುಡುಗನನ್ನು ಯಾರು ಹುಡುಕಿಕೊಂಡು ಬರುತ್ತಾರೆ?

ಭದ್ರಾವತಿ ಬ್ಯಾಕ್

ಏಣಿ ಏಣಿ ಅಂತ ಎಲ್ಲರೂ ಹೊಗಳುತ್ತಿದ್ದೀರಿ. ನಾನು ಒಪ್ಪುವುದಿಲ್ಲ. 92 ಕ್ಲಬ್, ಅಷ್ಟು ಕೋಚ್‌ಗಳು, ಅಷ್ಟು ಸ್ಕೌಟ್‌ಗಳು. ಅಷ್ಟು ಜನರ ಕಣ್ಣಿಗೆ ಎಂಟು ವರ್ಷ ಬೀಳದೆ ಹೋದ ಅಂದರೆ ಆ ಏಣಿ ಕುರುಡು ಅಂತಲೇ ಅರ್ಥ. ಲಿವರ್‌ಪೂಲ್ ಅಕಾಡೆಮಿ ಹತ್ತನೇ ವಯಸ್ಸಿಗೆ ಸೇರಿಸಿಕೊಂಡು ಹದಿನೈದಕ್ಕೆ ಬಿಟ್ಟಿತು. ಬ್ಲ್ಯಾಕ್‌ಪೂಲ್ ಬಿಟ್ಟಿತು. ಕೊನೆಗೆ ಅವನನ್ನು ಆಟಗಾರ ಮಾಡಿದ್ದು ಒಬ್ಬ ಮನುಷ್ಯ, ಆಗಿನ ಸೌತಾಂಪ್ಟನ್ ಮ್ಯಾನೇಜರ್ ಅಲನ್ ಪಾರ್ಡ್ಯೂ. ‘ನಿನ್ನ ಮೈ ಜಾಸ್ತಿಯಾಗಿದೆ, ಇಳಿಸು’ ಅಂತ ಮುಖಕ್ಕೇ ಹೇಳಿದರು. ಅದಕ್ಕೂ ಮೊದಲು ಯಾವ ಕೋಚ್‌ಗೂ ಅದು ಕಾಣಲಿಲ್ಲವಾ?

ಒಂಬತ್ತು ನಂಬರ್ (ಶಿವಮೊಗ್ಗ)

ಪಾರ್ಡ್ಯೂ ಮಾಡಿದ ಉಪಕಾರ ದೊಡ್ಡದು, ಅದನ್ನು ಲ್ಯಾಂಬರ್ಟ್ ತಾನೇ ಹೇಳಿದ್ದಾನೆ. ಅವನು ಸೇರಿದ 2009-10ರ ಸೀಸನ್ ಸೌತಾಂಪ್ಟನ್ ಶುರು ಮಾಡಿದ್ದೇ ಮೈನಸ್ 10 ಪಾಯಿಂಟ್‌ನಿಂದ. ಹಣಕಾಸು ಮುಳುಗಿದ್ದಕ್ಕೆ ದಂಡ. ಅಂಥ ತಂಡದಲ್ಲಿ ಅವನು ಮೊದಲ ವರ್ಷವೇ 36 ಗೋಲು ಹೊಡೆದ, ಅದರಲ್ಲಿ 30 ಲೀಗ್‌ನಲ್ಲಿ. ಮೈ ಇಳಿದಿದ್ದಕ್ಕೆ ತೊಂಬತ್ತು ನಿಮಿಷವೂ ಒಂದೇ ರೀತಿ ಆಡುವುದಕ್ಕಾಯಿತು. ಇದು ನಿಜ.

ಆದರೆ ತಮ್ಮಾ, ಒಂದು ವಿಷಯ ಯೋಚನೆ ಮಾಡು. ಪಾರ್ಡ್ಯೂ ಕರೆದಾಗ ಅವನ ವಯಸ್ಸು 27. ಆ ವಯಸ್ಸಿಗೆ ಅವನು ಇನ್ನೂ ಆಡುತ್ತಿದ್ದ! ನಮ್ಮಲ್ಲಿ ಹದಿನೆಂಟಕ್ಕೆ ಕೈಬಿಟ್ಟ ಹುಡುಗ 27ಕ್ಕೆ ಎಲ್ಲಿರುತ್ತಾನೆ? ಪಾರ್ಡ್ಯೂಗಿಂತ ಚೆನ್ನಾಗಿ ಕಣ್ಣಿರುವ ಕೋಚ್ ಶಿವಮೊಗ್ಗಕ್ಕೆ ಬಂದರೂ ನೋಡುವುದಕ್ಕೆ ಹುಡುಗ ಮೈದಾನದಲ್ಲಿ ಇರಬೇಕಲ್ಲ. ಏಣಿ ಕುರುಡಾಗಿತ್ತು ಅನ್ನು, ಒಪ್ಪುತ್ತೇನೆ. ಆದರೂ ಅದು ಅವನನ್ನು ಕೆಳಗೆ ಬೀಳಲು ಬಿಡಲಿಲ್ಲ.

ನಮ್ಮ ತೊಂದರೆಯ ಬೇರು ನಾಕೌಟ್ ಟೂರ್ನಮೆಂಟ್‌ಗಳಲ್ಲಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಮಲೆನಾಡಿನಲ್ಲಿ ನಡೆಯುವುದೆಲ್ಲ ಅವೇ. ಶನಿವಾರ ಬೆಳಿಗ್ಗೆ ಶುರು, ಭಾನುವಾರ ಸಂಜೆ ಫೈನಲ್, ಕಪ್ಪು, ನಗದು ಬಹುಮಾನ, ಮೈಕ್ ಸೆಟ್ಟು. ನೋಡಲು ಚೆಂದ, ನಾನೂ ಹೋಗಿ ಕೂಗುತ್ತೇನೆ. ಆದರೆ ಬಂದ ತಂಡಗಳಲ್ಲಿ ಅರ್ಧಕ್ಕರ್ಧ ಒಂದೇ ಪಂದ್ಯ ಆಡಿ ವಾಪಸ್ ಬಸ್ ಹತ್ತುತ್ತವೆ. ಸೋತರೆ ಮನೆ ಅಂತಾದರೆ ಯಾವ ನಾಯಕ ತಾನೇ ಪಾಸ್ ಆಡಿಸುತ್ತಾನೆ? ಉದ್ದದ ಹುಡುಗನನ್ನು ಮುಂದೆ ನಿಲ್ಲಿಸು, ಎತ್ತಿ ಒದಿ, ಪೆನಾಲ್ಟಿವರೆಗೆ ತಳ್ಳು. ನನ್ನ ಹುಡುಗನನ್ನು ಬೈಯುವವರು ಕೆಟ್ಟವರಲ್ಲ. ಅವರಿಗೆ ಇನ್ನೊಂದು ಪಂದ್ಯ ಸಿಗುವ ನಂಬಿಕೆ ಇಲ್ಲ.

ಬ್ರಿಸ್ಟಲ್ ರೋವರ್ಸ್‌ನಲ್ಲಿ ಮೊದಲ ಸೀಸನ್ ಲ್ಯಾಂಬರ್ಟ್ ಹೊಡೆದದ್ದು ಬರೀ 8 ಲೀಗ್ ಗೋಲು. ಅಷ್ಟು ದುಡ್ಡು ಕೊಟ್ಟು ತಂದವನು! ತಂಡ ಮಾತ್ರ ಆ ವರ್ಷ ವೆಂಬ್ಲಿಯಲ್ಲಿ ಶ್ರೂಸ್‌ಬರಿಯನ್ನು 3-1ರಿಂದ ಸೋಲಿಸಿ ಮೇಲಕ್ಕೆ ಏರಿತು. ಅವನನ್ನು ಉಳಿಸಿಕೊಂಡರು. ಎರಡು ವರ್ಷ ಕಳೆದು ಅದೇ ಮನುಷ್ಯ 29 ಹೊಡೆದ. ನಮ್ಮ ಟೂರ್ನಮೆಂಟ್‌ನಲ್ಲಿ ಎಂಟು ಗೋಲಿನ ವರ್ಷಕ್ಕೆ ಜಾಗವೇ ಇಲ್ಲ.

ತೀರ್ಥಹಳ್ಳಿ ಗೋಲಿ

ನಾಕೌಟ್ ಬಗ್ಗೆ ಹೇಳಿದ್ದು ಸರಿಯಾಗಿ ತಾಗಿತು. ಕೀಪರ್‌ಗೂ ಅಷ್ಟೇ. ಒಂದು ಚೆಂಡು ಕೈಜಾರಿದರೆ ಆ ವರ್ಷ ಪೂರ್ತಿ ಅದೇ ಮಾತು. ತಿದ್ದಿಕೊಳ್ಳೋಣ ಅಂದರೆ ಮುಂದಿನ ಪಂದ್ಯ ಇಲ್ಲ.

ಹಳೇ ಹಾಫ್ (ಶಿವಮೊಗ್ಗ)

ಎಲ್ಲ ಓದಿದೆ. ನಾನು ಹಳಬ, ಉದ್ದ ಬರೆಯಲು ಬರುವುದಿಲ್ಲ. ಲಿವರ್‌ಪೂಲ್‌ಗೆ ಹೋಗಿದ್ದರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ನನ್ನ ಪ್ರಕಾರ ಅಲ್ಲಿ ಅವನ ಆಟ ಕೆಟ್ಟಿತು. ಸೌತಾಂಪ್ಟನ್‌ನಲ್ಲಿ 235 ಪಂದ್ಯ, 117 ಗೋಲು. ಲೀಗ್ ಒನ್‌ನಿಂದ ಎರಡು ಸಲ ಏರಿ ಪ್ರೀಮಿಯರ್ ಲೀಗ್ ಮುಟ್ಟಿಸಿದವನು. 2011-12ರಲ್ಲಿ ಚಾಂಪಿಯನ್‌ಶಿಪ್‌ಗೇ ಹೆಚ್ಚು, 27 ಲೀಗ್ ಗೋಲು. ಆ ಊರಲ್ಲಿ ಇದ್ದಿದ್ದರೆ ರಾಜನ ಹಾಗೆ ಇರುತ್ತಿದ್ದ.

ಒಂಬತ್ತು ನಂಬರ್ (ಶಿವಮೊಗ್ಗ)

ಸರ್, ಆಟದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. 2014ರಲ್ಲಿ ಸುಮಾರು 40 ಲಕ್ಷ ಪೌಂಡ್‌ಗೆ ಹೋದ. ಆ ಸೀಸನ್ ಲೀಗ್‌ನಲ್ಲಿ 2 ಗೋಲು, ಚಾಂಪಿಯನ್ಸ್ ಲೀಗ್‌ನಲ್ಲಿ ಬಲ್ಗೇರಿಯದ ಲುಡೊಗೊರೆಟ್ಸ್ ಮೇಲೆ ಒಂದು. ಬಹುಪಾಲು ಬೆಂಚು. ಆಮೇಲೆ ವೆಸ್ಟ್ ಬ್ರಾಮ್, ಕಾರ್ಡಿಫ್, 2017ರಲ್ಲಿ ನಿವೃತ್ತಿ.

ಆದರೂ ಹೋಗಬಾರದಿತ್ತು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವನು ಹುಟ್ಟಿದ್ದು ಲಿವರ್‌ಪೂಲ್ ಪಕ್ಕದ ಕರ್ಕ್‌ಬಿಯಲ್ಲಿ. ಹದಿನೈದಕ್ಕೆ ‘ನೀನು ಬೇಡ’ ಅಂದ ಕ್ಲಬ್ಬು ಮೂವತ್ತೆರಡಕ್ಕೆ ಬಂದು ಕರೆಯಿತು. ಮನೆ ಹುಡುಗ, ಮನೆ ಅಂಗಿ. ಅದರಲ್ಲಿ ಸರಿ ತಪ್ಪು ಹೇಳುವುದು ನಮ್ಮ ಕೆಲಸವಾ ಸರ್? ಇಂಗ್ಲೆಂಡ್ ಪರ 11 ಪಂದ್ಯ, 3 ಗೋಲು, 2014ರ ವಿಶ್ವಕಪ್‌ನಲ್ಲಿ ಉರುಗ್ವೆ ಮೇಲೆ ಕೊನೆಯ ಕೆಲವು ನಿಮಿಷ. ಇವೆಲ್ಲ ಆದ ಮೇಲೆ ಅವನು ತನ್ನ ಆಸೆ ಒಂದನ್ನು ತೀರಿಸಿಕೊಂಡ, ಅಷ್ಟೇ.

ನನಗೆ ನಿಜವಾಗಿ ನೋವಾಗುವುದು ಬೇರೆ. ಸೌತಾಂಪ್ಟನ್‌ನ ಐದು ವರ್ಷದಲ್ಲಿ ಅವನು ಮೂರೂ ದರ್ಜೆಯಲ್ಲಿ ಒಂದೇ ರೀತಿ ಆಡಿದ. ಅದೇ ಕೆಳಗೆ ಇಳಿದು ಬರುವುದು, ಅದೇ ಟಚ್, ಅದೇ ಫ್ರೀ ಕಿಕ್. 2012ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ, ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ ಎದುರು, ಅವರ ಊರಿನಲ್ಲೇ. ಸಬ್ ಆಗಿ ಬಂದು ಗೋಲು ಹೊಡೆದ. ತಂಡ 3-2ರಿಂದ ಸೋತಿತು, ಆದರೆ ನೋಡಿದವರಿಗೆ ಗೊತ್ತಾಯಿತು, ಈ ಆಟ ಮೇಲೂ ನಡೆಯುತ್ತದೆ ಅಂತ. ಹಾಗಾದರೆ 23, 24ನೇ ವಯಸ್ಸಿನಲ್ಲೂ ಬಹುಪಾಲು ನಡೆಯುತ್ತಿತ್ತಲ್ಲ? ಕಾಲಲ್ಲಿ ವೇಗ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಷ್ಟು ವರ್ಷ ನಮಗೆ ನೋಡಲು ಸಿಗಲಿಲ್ಲ.

ಹಳೇ ಹಾಫ್ (ಶಿವಮೊಗ್ಗ)

ಸರಿ. ಹುಡುಗನ ವಿಷಯಕ್ಕೆ ಬರೋಣ. ಅವನನ್ನು ಒಂದು ವರ್ಷ ಫಾರ್ವರ್ಡ್ ಆಡಿಸಬೇಡಿ. ನಡುವೆ ಆಡಿಸಿ. ನಾಲ್ಕೂ ಕಡೆಯಿಂದ ಒತ್ತಡ ಬಂದರೆ ತಲೆ ತಿರುಗಿಸಿ ನೋಡುವ ಅಭ್ಯಾಸ ಬರುತ್ತದೆ. ಚೆಂಡು ಬರುವ ಮೊದಲು ಎರಡು ಸಲ ಹಿಂದೆ ನೋಡಬೇಕು, ಇದು ನಿಯಮ ಮಾಡಿ. ಗೋಡೆಗೆ ಹೊಡೆದು ವಾಪಸ್ ಬಂದ ಚೆಂಡನ್ನು ಎಡಗಾಲಲ್ಲಿ ನಿಲ್ಲಿಸಲಿ, ದಿನಾ. ಮಳೆಗಾಲದಲ್ಲಿ ಕೆಸರು ಮೈದಾನ ಬಿಟ್ಟು ಸಿಮೆಂಟ್ ಅಂಗಳದಲ್ಲಿ ಐದೈದು ಜನ ಆಡಿಸಿ. ಅಲ್ಲಿ ಚೆಂಡು ನಿಲ್ಲುವುದಿಲ್ಲ, ಟಚ್ ತಾನಾಗೇ ಸರಿಹೋಗುತ್ತದೆ. ಬಯಲಿಗೆ ಬಂದ ಮೇಲೆ ಮತ್ತೆ ಮುಂದೆ ಹಾಕಿ.

ಸಾಗರದಕ್ಕ

ಹುಡುಗ ಆಡಬೇಕಾದರೆ ಪಂದ್ಯ ಬೇಕು ಅಂತ ನೀವೇ ಹೇಳಿದಿರಿ. ನಮ್ಮ ಜಿಲ್ಲೆಯಲ್ಲಿ ಏಳು ತಾಲ್ಲೂಕು ಇವೆ. ಏಳು ತಂಡ ಕಟ್ಟಿ ಎಲ್ಲರೂ ಎಲ್ಲರ ಜೊತೆ ಆಡುವ ಹಾಗೆ ಮಾಡಿದರೆ ಏನು ಖರ್ಚಾಗುತ್ತದೆ? ಹೊಗಳಿಕೆಗೆ ಕೇಳುತ್ತಿಲ್ಲ, ಲೆಕ್ಕ ಬೇಕು.

ಬೆಂಗಳೂರು ಮಲ್ನಾಡಿಗ

ಅಕ್ಕಾ, ಲೆಕ್ಕ ಹಾಕಿದೆ. ಏಳು ತಂಡ, ಒಂದು ಸಲ ತಮ್ಮ ಊರಲ್ಲಿ, ಒಂದು ಸಲ ಎದುರಾಳಿ ಊರಲ್ಲಿ ಅಂದರೆ ಒಟ್ಟು 42 ಪಂದ್ಯ. ಒಂದು ತಂಡಕ್ಕೆ 12. ಒಂದು ವಾರಕ್ಕೆ ಮೂರು ಪಂದ್ಯ, ಒಂದು ತಂಡಕ್ಕೆ ರಜೆ. ಹದಿನಾಲ್ಕು ವಾರ. ಒಂದೊಂದೇ ಸಲ ಆಡಿದರೆ 21 ಪಂದ್ಯ, ಏಳು ವಾರ. ದೊಡ್ಡ ಖರ್ಚು ಓಡಾಟದ್ದು. ಭದ್ರಾವತಿ ಶಿವಮೊಗ್ಗ ಹತ್ತಿರ. ಸಾಗರಕ್ಕೆ ರೈಲು ಇದೆ. ಉಳಿದ ಕಡೆ ಬಸ್ಸು ಇಲ್ಲವೇ ಟೆಂಪೋ. ರೆಫರಿಗೆ, ಚೆಂಡಿಗೆ, ಗಾಯಕ್ಕೆ ಮದ್ದು ಬ್ಯಾಂಡೇಜ್‌ಗೆ ಅಂತ ಸ್ವಲ್ಪ. ನಾಕೌಟ್ ಟೂರ್ನಮೆಂಟ್‌ಗೆ ಇಡುವ ನಗದು ಬಹುಮಾನ, ಮೈಕು, ಶಾಮಿಯಾನ, ಲೈಟಿನ ದುಡ್ಡನ್ನು ಈ ಕಡೆ ತಿರುಗಿಸಿದರೆ ಮೊದಲ ವರ್ಷ ಏಳು ವಾರದ್ದು ಆಗುತ್ತದೆ ಅಂತ ನನ್ನ ಅಂದಾಜು.

ತೀರ್ಥಹಳ್ಳಿ ಗೋಲಿ

ಯಾವಾಗ ಮಾಡುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ. ಮಳೆ ಬಿಡುವುದು ಅಕ್ಟೋಬರ್. ಬಿಟ್ಟ ಕೂಡಲೇ ಅಡಿಕೆ ಕೊಯ್ಲು. ನಮ್ಮ ತಂಡದಲ್ಲಿ ಅರ್ಧ ಹುಡುಗರು ಮನೆ ಚಪ್ಪರದಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ, ಭಾನುವಾರ ಬಾ ಅಂದರೆ ಅಪ್ಪ ಬಿಡುವುದಿಲ್ಲ. ಕೊಯ್ಲು ಮುಗಿಯುವ ಹೊತ್ತಿಗೆ ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ. ಬಿಸಿಲು ಇದೆ, ಆದರೆ ಸಂಜೆ ನಾಲ್ಕೂವರೆಗೆ ಶುರು ಮಾಡಿದರೆ ಆಡಬಹುದು. ನೆಲವೂ ಗಟ್ಟಿ ಇರುತ್ತದೆ, ಪಾಸ್ ಓಡುತ್ತದೆ.

ಭದ್ರಾವತಿ ಬ್ಯಾಕ್

ಏಪ್ರಿಲ್ ಮೇ ಅಂದರೆ ಕ್ರಿಕೆಟ್ ಟೂರ್ನಮೆಂಟ್‌ಗಳ ಸುಗ್ಗಿ. ವಿಶ್ವನಾಥ್ ಹುಟ್ಟಿದ ಊರು ನಮ್ಮದು, ಇಲ್ಲಿ ಮೈದಾನ ಬಿಡಿಸಿಕೊಳ್ಳುವುದು ಸುಲಭ ಅಲ್ಲ. ಆದರೂ ಸಂಜೆ ಎರಡು ಗಂಟೆ ಕೇಳಿ ನೋಡುತ್ತೇನೆ. ಭದ್ರಾವತಿ ತಂಡ ನನ್ನ ಜವಾಬ್ದಾರಿ. ಲ್ಯಾಂಬರ್ಟ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಪೂರ್ತಿ ಬದಲಾಗಿಲ್ಲ ಅಣ್ಣಾ. ನಿಮ್ಮ ಹುಡುಗನನ್ನು ಕಳಿಸಿ, ನಾನೇ ಅವನ ಎದುರು ಬ್ಯಾಕ್ ಆಡುತ್ತೇನೆ. ಕೆಳಗೆ ಇಳಿದು ಬರಲಿ, ನೋಡೋಣ.

ಒಂಬತ್ತು ನಂಬರ್ (ಶಿವಮೊಗ್ಗ)

ಕಳಿಸುತ್ತೇನೆ ತಮ್ಮಾ. ಅವನಿಗೆ ಈ ಚರ್ಚೆ ಪೂರ್ತಿ ಓದಲು ಕೊಟ್ಟೆ. ‘ಏಪ್ರಿಲ್‌ನಲ್ಲಿ ಪಂದ್ಯ ಖಂಡಿತ ಇರುತ್ತಾ?’ ಅಂತ ಕೇಳಿದ. ಇರುತ್ತದೆ ಅಂತ ಹೇಳಿದ್ದೇನೆ. ಹಾಗಾಗಿ ಈಗ ಮಾಡಲೇಬೇಕು.

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಆಯಿತು. ಸಾಗರದಲ್ಲಿ ಅಕ್ಕ ಹುಡುಗರನ್ನು ಒಟ್ಟು ಮಾಡುತ್ತೇನೆ ಅಂದಿದ್ದಾರೆ. ಶಿಕಾರಿಪುರದ ಒಬ್ಬರು ನನಗೆ ಬೇರೆಯಾಗಿ ಸಂದೇಶ ಕಳಿಸಿದ್ದಾರೆ, ಹನ್ನೊಂದು ಜನ ಇದ್ದಾರಂತೆ, ಕೀಪರ್ ಇಲ್ಲವಂತೆ. ಸೊರಬ, ಹೊಸನಗರ ಕಡೆಯವರು ಯಾರಾದರೂ ಓದುತ್ತಿದ್ದರೆ ಇಲ್ಲೇ ಬರೆಯಿರಿ. ತಂಡ ಪೂರ್ತಿ ಇಲ್ಲದಿದ್ದರೂ ಪರವಾಗಿಲ್ಲ. ಮೊದಲು ಬೇಕಿರುವುದು ಗೋಲ್ ಪೋಸ್ಟ್ ನಿಲ್ಲಿಸಲು ಬಿಡುವ ಒಂದು ಮೈದಾನ.